ಕಂಡವರ ಮನೆ ಅಳು

ಫೋರ್ಟ್ ಪೋರ್ಟಲ್
9 ಫೆಬ್ರವರಿ 1992

ಅತ್ತೆಗೆ ಮಂಡಿಯೂರಿ ನಮಸ್ಕಾರ.

ಚೆನ್ನಾಗಿದ್ದೇನೆ ಎಂದು ಬರೆದರೆ ನೀವು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ಮುಂದಿನ ಬಸ್ಸನ್ನೇ ಹತ್ತಿಬಿಡುತ್ತೀರಿ. ಆದ್ದರಿಂದ ಎರಡನ್ನೂ ಬರೆಯುವುದಿಲ್ಲ. ನರ್ಸಿಂಗ್ ಶಾಲೆಯಲ್ಲಿ ಈಗ ನಮ್ಮನ್ನು ಹೆಂಗಸರ ವಾರ್ಡಿಗೆ ಹಾಕಿದ್ದಾರೆ. ಬೆಳಗಿನ ಚಳಿಗೆ ಕೈ ಮರಗಟ್ಟುತ್ತದೆ, ಸೂಜಿ ಚುಚ್ಚಿಸಿಕೊಳ್ಳುವವರು ನನ್ನ ಕೈ ನೋಡಿಯೇ ಹೆದರುತ್ತಾರೆ.

ಇಲ್ಲಿನ ನರ್ಸುಗಳಿಗೆ ಅಳುವವರನ್ನು ಕಂಡರೆ ಒಂದೊಂದು ಹೆಸರು. ಶಬ್ದವಿಲ್ಲದೆ ಕಣ್ಣಲ್ಲಿ ನೀರಿಳಿಸುತ್ತ ಕೂತವರಿಗೆ "ಡ್ರಿಪ್ ಹಾಕ್ಕೊಂಡವಳು" ಅನ್ನುತ್ತಾರೆ. ಸತ್ತವರ ಕಥೆಯನ್ನೆಲ್ಲ ರಾಗವಾಗಿ ಹೇಳಿಕೊಂಡು ಅಳುವವರು "ರೇಡಿಯೊ". ಸೊಸೆ ಅತ್ತೆಗಾಗಿ ಅತ್ತರೆ "ಈರುಳ್ಳಿ", ಪಾಪ, ಅವರಲ್ಲಿ ಕೆಲವರು ನಿಜವಾಗಿಯೇ ಅಳುತ್ತಿರುತ್ತಾರೆ. ಇನ್ನು ಯಾರಾದರೂ ನೆಲಕ್ಕೆ ಬಿದ್ದು ಹೊರಳಿದರೆ, "ಜಿಂಜಾ ಅಣೆಕಟ್ಟಿನ ಗೇಟು ಎತ್ತಿದ್ರು, ಬಾಗಿಲು ಹಾಕ್ರೇ" ಎಂದು ಪಿಸುಗುಟ್ಟುತ್ತಾರೆ. ನಾನೂ ನಗುತ್ತೇನೆ. ನಗದಿದ್ದರೆ ಇಲ್ಲಿ ಕೆಲಸ ಮಾಡಲಾಗುವುದಿಲ್ಲ.

ಆದರೆ ಹೋದ ವಾರ ಒಬ್ಬ ತಾಯಿ ಮಗಳ ಮಂಚದ ಕಾಲು ಹಿಡಿದು ಗೋಳೋ ಎಂದು ಅಳುತ್ತಿದ್ದಳು. ಗೇಟು ಎತ್ತಿದ್ರು ಎಂದು ಗೆಳತಿ ನನ್ನ ಪಕ್ಕೆ ತಿವಿದಳು. ನನಗೆ ನಗು ಬರಲಿಲ್ಲ. ನಮ್ಮನೆಯಲ್ಲಿ ಯಾರೂ ಅಳಲಿಲ್ಲವಲ್ಲ ಎಂದುಕೊಂಡೆ. ಹೋದ ವರ್ಷ ನಮ್ಮನ್ನು ಬಿಟ್ಟುಹೋದ ಅಕ್ಕ ಬಬಿರ್ಯೆಗಾಗಿ ಅಮ್ಮ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಅಮ್ಮ ಹೇಳಿ ತಮ್ಮ ಕಿಜ್ಜಾನ ಕೈಲಿ ಬರೆಸುವ ಪತ್ರಗಳಲ್ಲಿ ಬರೀ ಹುರುಳಿಕಾಯಿ, ಆಡು, ಮಳೆ. ಅಮ್ಮ ಹೇಗಿದ್ದಾಳೆ? ಅಪ್ಪ ನಿಮ್ಮ ತಮ್ಮನೆಂದು ಮರ್ಯಾದೆ ನೋಡದೆ ನಿಜ ಬರೆಯಿರಿ.

ನಿಮ್ಮ ನಕಾತೊ


ಕ್ಯೋಟೆರಾ
1 ಮಾರ್ಚ್ 1992

ಮಗಳೇ ನಕಾತೊ,

ಪೆನ್ನು ಸಿಕ್ಕಿತೆಂದು ಏನು ಬೇಕಾದರೂ ಬರೆಯುವುದೇ? ನಿನ್ನ ಅಕ್ಕನ ಹೆಸರನ್ನೂ ಆ ಇನ್ನೊಂದು ಮಾತನ್ನೂ ಒಂದೇ ಸಾಲಿನಲ್ಲಿ ಹಾಕಿದ್ದೀಯಲ್ಲ. ಓದಿದ ಕೂಡಲೇ ಒಲೆಯ ಇದ್ದಿಲು ತಂದು ಆ ಸಾಲನ್ನು ಮಸಿ ಮಾಡಿದೆ. ನೀನು ಯಾರ ಮನೆಯ ಹುಡುಗಿ ಎಂಬುದನ್ನು ಆ ಚಳಿ ಊರಿನಲ್ಲಿ ಮರೆತಂತಿದೆ, ನೆನಪು ಮಾಡುತ್ತೇನೆ, ಕೇಳು. ಅವಳಿ ಮಕ್ಕಳು ಸಾಯುವುದಿಲ್ಲ, ಹಾರಿಹೋಗುತ್ತಾರೆ. ಹಾರಿಹೋದವರಿಗೆ ಅಳಬಾರದು. ಅತ್ತರೆ ಹಾರಿದವಳು ತಿರುಗಿ ನೋಡುತ್ತಾಳೆ, ಉಳಿದವಳನ್ನೂ ಜೊತೆಗೆ ಕರೆಯುತ್ತಾಳೆ. ನಿನ್ನ ಅಮ್ಮನನ್ನು ಊರೆಲ್ಲ ನಾಲೊಂಗೊ ಎನ್ನುವುದೂ ನಿನ್ನ ಅಪ್ಪನನ್ನು ಸಾಲೊಂಗೊ ಎನ್ನುವುದೂ ನಿಮ್ಮಿಬ್ಬರನ್ನು ಹೆತ್ತದ್ದಕ್ಕೆ. ಆ ಹೆಸರು ಹೊತ್ತವರು ಅದರ ಕಟ್ಟುಪಾಡನ್ನೂ ಹೊರಬೇಕು.

ಇರಲಿ, ನಿಜ ಬರೆಯಿರಿ ಎಂದೆಯಲ್ಲ, ಬರೆಯುತ್ತೇನೆ. ನಿನ್ನ ಅಮ್ಮ ಸಾವಿನ ಮನೆಗಳಿಗೆ ಹೋಗುತ್ತಿದ್ದಾಳೆ.

ಅದರಲ್ಲೇನು, ಎಲ್ಲರೂ ಹೋಗುತ್ತಾರೆ ಎನ್ನುತ್ತೀಯ. ಹೌದು, ಜನರನ್ನು ಸೊರಗಿಸಿ ಕೊಲ್ಲುವ ಆ ಹಾಳು ರೋಗ ಬಂದ ಮೇಲೆ ನಮ್ಮ ಕಡೆ ಮಣ್ಣಿಗೆ ಹೋಗದ ವಾರವಿಲ್ಲ. ಅಂಗಳಕ್ಕೆ ಕಾಲಿಡುವಾಗ ಒಂದು ಸಲ ಅತ್ತು, ಹೆಣದ ಬಳಿ ಸ್ವಲ್ಪ ಹೊತ್ತು ಕೂತು, ಆಮೇಲೆ ಹಿತ್ತಲಿಗೆ ಹೋಗಿ ಅಡುಗೆಗೆ ಮಟೋಕೆ ಬಾಳೆಕಾಯಿ ಹೆರೆಯುವುದು ನೆರೆಹೊರೆಯವರ ರೀತಿ. ಇವಳು ಹಿತ್ತಲಿಗೆ ಹೋಗುವುದೇ ಇಲ್ಲ. ಹೆಣದ ಪಕ್ಕ ಕೂತರೆ ಮಣ್ಣು ಹಾಕುವವರೆಗೆ ಅಳುತ್ತಾಳೆ. ಮನೆಯವರು ಸುಧಾರಿಸಿಕೊಂಡರೂ ಇವಳು ಸುಧಾರಿಸಿಕೊಳ್ಳುವುದಿಲ್ಲ. ಪರಿಚಯವೇ ಇಲ್ಲದ ಮನೆಗಳಿಗೂ ಹೋಗುತ್ತಾಳೆ. ಗುಡ್ಡದ ಆಚೆ ಡೋಲು ಬಡಿದರೆ ಸಾಕು, ಗೊಮೆಸಿ ಸುತ್ತಿಕೊಂಡು ಹೊರಟಳು.

ನಿಮ್ಮ ನರ್ಸುಗಳಿಗೆ ಮಾತ್ರ ಹೆಸರಿಡಲು ಬರುತ್ತದೆ ಎಂದುಕೊಳ್ಳಬೇಡ. ನಾನು ಟ್ಯಾಕ್ಸಿ ನಿಲ್ದಾಣದಲ್ಲಿ ಬಾಳೆಹಣ್ಣಿನ ಕಬಲಗಾಲ ಕರಿಯುತ್ತ ಕೂತಿರುತ್ತೇನೆ, ಎಲ್ಲ ನನ್ನ ಕಿವಿಗೆ ಬೀಳುತ್ತದೆ. "ಊರ ಕೊಳಾಯಿ ಹೊರಟ್ಳು ನೋಡು" ಅನ್ನುತ್ತಾರೆ. ಇನ್ನೊಬ್ಬ ಅವಳನ್ನು "ಎಲ್ಲರ ಮನೆ ವಿಧವೆ" ಅಂದ. ಬಿಸಿ ಎಣ್ಣೆಯ ಜಾಲರಿ ತೋರಿಸಿ, "ಇನ್ನೊಂದ್ಸಲ ಅನ್ನು, ನಿನ್ನ ನಾಲಿಗೇನೂ ಕರೀತೀನಿ" ಎಂದೆ. ಆದರೆ ಎಷ್ಟು ಜನರ ಬಾಯಿ ಮುಚ್ಚಿಸಲಿ?

ಗುಡ್ಡದ ಆಚೆ ಒಬ್ಬ ಮುದುಕನ ಮಣ್ಣಿಗೆ ಹೋಗಿ ಬಂದ ದಿನ ನಾನು ಅವಳನ್ನೇ ಕೇಳಿದೆ. "ಏನೇ ನಾಲೊಂಗೊ, ಆ ಮುದುಕ ನಿನಗೇನಾಗಬೇಕು?"

"ಏನೂ ಆಗ್ಬೇಕಿಲ್ಲ. ಅಳು ಬಂತು," ಎಂದಳು.

ಪತ್ರವನ್ನು ನಮ್ಮ ಮುಕಾಸನ ಟ್ಯಾಕ್ಸಿಯಲ್ಲಿ ಕಳಿಸುತ್ತಿದ್ದೇನೆ, ಅವನು ಕಂಪಾಲಾದಲ್ಲಿ ನಿಮ್ಮ ಬಸ್ಸಿಗೆ ಕೊಡುತ್ತಾನೆ. ಉಣ್ಣು, ನಿದ್ದೆ ಮಾಡು. ಸೊಳ್ಳೆಪರದೆ ಕಟ್ಟಿಕೋ.

ನಿನ್ನ ಅತ್ತೆ ನಾಬುಕೇರ


ಫೋರ್ಟ್ ಪೋರ್ಟಲ್
15 ಮಾರ್ಚ್ 1992

ಅತ್ತೆಗೆ,

ನಿಮ್ಮ ಪತ್ರ ಓದಿ ನನಗೆ ಬಂದದ್ದು ಸಿಟ್ಟು. ಗುಡ್ಡದ ಆಚೆಯ ಮುದುಕನಿಗೆ ಕಣ್ಣೀರಿದೆ, ಹೆತ್ತ ಮಗಳಿಗೆ ಇಲ್ಲ.

ಆ ದಿನ ನಾನು ಅಮ್ಮನ ಪಕ್ಕದಲ್ಲೇ ಇದ್ದೆ. ಮಲೇರಿಯಾ ತಲೆಗೇರಿ ಬಬಿರ್ಯೆ ಸಂತೆಯ ದಿನ ಮಲಗಿದವಳು ಭಾನುವಾರದ ಹೊತ್ತಿಗೆ ಇರಲಿಲ್ಲ. ಅವಳ ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ಶಾಲೆಯ ಅಂಗಿ ಹಾಗೇ ಇತ್ತು. ಹಿರಿಯರು ಬಂದು ಅವಳಿಗಳ ಹಾಡು ಹಾಡಿಸಿದರು. ಅಮ್ಮ ಚಪ್ಪಾಳೆ ತಟ್ಟಿದಳು. ನನಗೆ ಕಣ್ಣು ತುಂಬಿದಾಗ ಅವಳೇ ನನ್ನ ಕೆನ್ನೆಗೆ ಬಾರಿಸಿ, "ಒರೆಸ್ಕೊ" ಎಂದಳು. ಒರೆಸಿಕೊಂಡೆ. ಸೊಂಟದ ಪಟ್ಟಿಯನ್ನು ಬಾಯಿಗೆ ತುರುಕಿಕೊಂಡು ಹಾಡಿಗೆ ಹೆಜ್ಜೆ ಹಾಕಿದೆ.

ಅಲ್ಲಿಂದ ಈಚೆಗೆ ನನಗೆ ಯಾವುದಕ್ಕೂ ಅಳು ಬಂದಿಲ್ಲ. ಕೈ ಸುಟ್ಟುಕೊಂಡಾಗಲೂ ಇಲ್ಲ, ಪರೀಕ್ಷೆಯಲ್ಲಿ ಫೇಲಾದಾಗಲೂ ಇಲ್ಲ. ವಾರ್ಡಿನಲ್ಲಿ ಮಗು ಸತ್ತರೆ ಉಳಿದ ಹುಡುಗಿಯರು ಔಷಧಿ ಕೋಣೆಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಾರೆ, ನಾನು ಬಟ್ಟೆ ಮಡಚುತ್ತ ನಿಂತಿರುತ್ತೇನೆ. ನನಗೂ ಒಂದು ಹೆಸರಿಟ್ಟಿದ್ದಾರೆ, "ಒಣಬಾವಿ". ತಮಾಷೆಗೆ ಇಟ್ಟದ್ದು, ನಾನೂ ಓಗೊಡುತ್ತೇನೆ. ಆದರೆ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ. ಎದ್ದು ಓಡಾಡುತ್ತೇನೆ. ಓಡಾಡಿದರೆ ಪಕ್ಕದವಳು ಬೈಯುತ್ತಾಳೆ.

ಈಸ್ಟರ್ ಹಬ್ಬಕ್ಕೆ ಬರುವುದಿಲ್ಲ. ಅಮ್ಮನಿಗೆ ಡ್ಯೂಟಿ ಇದೆ ಎಂದು ಹೇಳಿ. ಕೊಳಾಯಿ ತಿರುಗಿಸಲು ಅವಳಿಗೆ ಬೇರೆ ಮನೆಗಳು ಇವೆಯಲ್ಲ.

ನಕಾತೊ


ಕ್ಯೋಟೆರಾ
26 ಏಪ್ರಿಲ್ 1992

ನಕಾತೊ,

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಈಗ ಬರೆಯದೆ ಗತಿಯಿಲ್ಲ.

ಸೈಕಲ್ ಅಂಗಡಿಯ ಕಲಾಂಜಿ ಈಸ್ಟರ್ ಮುಗಿದ ಮೇಲೆ ತೀರಿಕೊಂಡ. ನಿನಗೆ ನೆನಪಿರಬೇಕು, ದೊಡ್ಡ ಕಿವಿ, ಕಂಡ ಹೆಂಗಸರಿಗೆಲ್ಲ ಉಚಿತವಾಗಿ ಗಾಳಿ ಹೊಡೆದುಕೊಡುತ್ತಿದ್ದ. ಅವನಿಗೆ ಅಲ್ಲಲ್ಲಿ ಸಂಸಾರಗಳಿದ್ದದ್ದು ಊರಿಗೆಲ್ಲ ಗೊತ್ತು. ನಿನ್ನ ಅಮ್ಮ ಅಲ್ಲಿಗೂ ಹೋದಳು. ನಾನೂ ಹಿಂದೆಯೇ ಹೋದೆ, ತಡೆಯಲಾಗಲಿಲ್ಲ. ಆ ದಿನ ಅವಳದು ಎಂದಿನ ಅಳುವಾಗಿರಲಿಲ್ಲ. ಹೆಣಕ್ಕೆ ಹೊದಿಸಿದ ಮರದ ತೊಗಟೆಯ ಬಟ್ಟೆಯ ಮೇಲೆ ಬಿದ್ದು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು, ಹೆಸರಿಲ್ಲ ಮಾತಿಲ್ಲ, ಬರೀ ಕೂಗು. ಕಲಾಂಜಿಯ ಹೆಂಡತಿ ನಾಮ್ವಾಂಜೆ ತಾನು ಅಳುವುದನ್ನು ನಿಲ್ಲಿಸಿ ಇವಳನ್ನೇ ನೋಡಿದಳು.

"ಯಾರಿವಳು? ಇವಳನ್ನ ಎಲ್ಲಿಟ್ಟಿದ್ದ ಅವನು?" ಎಂದು ಕೇಳಿದಳು.

ಆಯಿತು, ಬೆಂಕಿ ಹೊತ್ತಿಕೊಂಡಿತು. ಕಲಾಂಜಿಯ ತಮ್ಮಂದಿರು ಬಂದು, "ಮಕ್ಕಳೆಷ್ಟು? ಈಗ್ಲೇ ಹೇಳಿ, ಆಮೇಲೆ ಆಸ್ತಿಗೆ ಬರಬೇಡಿ" ಎಂದರು. ಯಾವ ಪುಣ್ಯಾತ್ಮನೋ ಕಿಜ್ಜಾನ ಕಿವಿ ಕಲಾಂಜಿಯ ಕಿವಿಯ ಹಾಗೇ ಇದೆ ಎಂದ. ಕಿಜ್ಜಾನ ಕಿವಿ ನನ್ನ ಅಪ್ಪನ ಕಿವಿ, ನನ್ನದೂ ಅದೇ ಕಿವಿ, ಅದಕ್ಕೇನು ನಾನೂ ಕಲಾಂಜಿಗೆ ಹುಟ್ಟಿದೆನೇ? ಹೀಗೆಂದು ಕೂಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಿನ್ನ ಅಪ್ಪನಿಗೆ ಸುದ್ದಿ ಮುಟ್ಟಿದ್ದು ಓಮ್ವೆಸೊ ಮಣೆಯ ಮುಂದೆ, ಆಡುತ್ತಿದ್ದವರ ನಗುವಿನ ನಡುವೆ. ಮನೆಗೆ ಬಂದವನು ಚಾಪೆ ಎತ್ತಿಕೊಂಡು ಕಾಫಿ ಚೀಲದ ಕೋಣೆಗೆ ಹೋದ. "ಯಾಕೆ ಅತ್ತಿದ್ದು ಅಂತ ಹೇಳ್ಲಿ, ಇಲ್ಲಾ ಅಣ್ಣಂದಿರ ಮನೆಗೆ ನಡೀಲಿ," ಎಂದ. ಅವಳು ಹೇಳುವುದಿಲ್ಲ. "ಅಳು ಬಂತು" ಅಷ್ಟೇ.

ನೀನು ಸಿಟ್ಟಿನಲ್ಲಿ ಕುರುಡಿಯಾಗಿದ್ದೀಯ, ಆದ್ದರಿಂದ ಬಿಡಿಸಿ ಬರೆಯುತ್ತೇನೆ, ಇದನ್ನೂ ಓದಿ ಸುಟ್ಟುಬಿಡು. ನಿನ್ನ ಅಮ್ಮ ಯಾರಿಗಾಗಿ ಅತ್ತೆನೆಂದು ಬಾಯಿ ಬಿಟ್ಟು ಹೇಳಿದರೆ ಆ ಅಳು ಹಾರಿದವಳಿಗೇ ಸಂದುಹೋಗುತ್ತದೆ. ಆಗ ಉಳಿದವಳಿಗೆ ಕುತ್ತು. ಆ ಉಳಿದವಳು ಯಾರು ತಾಯಿ? ನಿನ್ನ ಕೆನ್ನೆಗೆ ಬಾರಿಸಿದ್ದು ಯಾಕೆ? ಆ ವಾರ ನಿನಗೂ ಜ್ವರ ಕಾಯುತ್ತಿತ್ತು ಎಂಬುದು ನೆನಪಿದೆಯೇ? ಮೈಯೊಳಗೆ ಹಿಡಿದಿಟ್ಟದ್ದು ಎಲ್ಲಾದರೂ ಹರಿಯಬೇಕು. ತನ್ನ ಮನೆಯಲ್ಲಿ ಹರಿಸುವಂತಿಲ್ಲ, ಕಂಡವರ ಮನೆಯಲ್ಲಿ ಹರಿಸುತ್ತಿದ್ದಾಳೆ.

ನಿನ್ನ ಅಪ್ಪ ಕಾಫಿ ಕೊಯ್ಲು ಮುಗಿಯುವವರೆಗೆ ಸುಮ್ಮನಿರುತ್ತಾನಂತೆ. ಆಮೇಲೆ ಅವಳ ಅಣ್ಣಂದಿರನ್ನು ಕರೆಸುತ್ತಾನೆ. ಅಷ್ಟರೊಳಗೆ ಏನಾದರೂ ಮಾಡಬೇಕು. ನನಗೆ ಏನೂ ಹೊಳೆಯುತ್ತಿಲ್ಲ.

ಅತ್ತೆ


ಫೋರ್ಟ್ ಪೋರ್ಟಲ್
10 ಮೇ 1992

ಅತ್ತೆಗೆ,

ನಿಮ್ಮ ಪತ್ರವನ್ನು ಸುಟ್ಟೆ. ಸುಡುವ ಮುಂಚೆ ಮತ್ತೆ ಮತ್ತೆ ಓದಿದೆ. ನನ್ನ ಹಿಂದಿನ ಪತ್ರವನ್ನು ನೀವೂ ಸುಟ್ಟುಬಿಡಿ, ಅಮ್ಮನ ಕೈಗೆ ಸಿಗುವುದು ಬೇಡ.

ಇದರ ಜೊತೆ ಅಮ್ಮನಿಗೆ ಒಂದು ಚೀಟಿ ಇಟ್ಟಿದ್ದೇನೆ. ಕಿಜ್ಜಾನ ಕೈಗೆ ಕೊಡಬೇಡಿ. ನೀವೇ ಓದಿ ಹೇಳಿ. ಅದರಲ್ಲಿ ಇರುವುದಿಷ್ಟು: "ಅಮ್ಮಾ, ನಿನ್ನ ಮಗಳಿಗಾಗಿ ನಿನ್ನ ಮನೆಯಲ್ಲೇ ಅಳು. ನನಗೇನೂ ಆಗುವುದಿಲ್ಲ. ನಾನು ಸೊಳ್ಳೆಪರದೆಯೊಳಗೆ ಮಲಗುತ್ತೇನೆ, ಮಾತ್ರೆ ನುಂಗುತ್ತೇನೆ, ಡಾಕ್ಟರು ನನ್ನ ರಕ್ತ ನೋಡಿ ಚೆನ್ನಾಗಿದೆ ಎಂದಿದ್ದಾರೆ. ನೀನು ಅತ್ತರೆ ನಾನು ಸಾಯುವುದಿಲ್ಲ. ನೀನು ಅಳದಿದ್ದರೆ ನಾವಿಬ್ಬರೂ ಹೀಗೇ ಸಾಯುತ್ತೇವೆ."

ಅಪ್ಪನಿಗೂ ಬರೆಯಲು ಕೂತೆ. "ಗೌರವಾನ್ವಿತ ಸಾಲೊಂಗೊ ಅವರಿಗೆ" ಎಂಬುದರ ಮುಂದೆ ಕೈ ಓಡಲಿಲ್ಲ.

ನಕಾತೊ


ಕ್ಯೋಟೆರಾ
24 ಮೇ 1992

ನಕಾತೊ,

ಚೀಟಿ ಓದಿದೆ. ಅವಳಿಗೆ ಓದಿ ಹೇಳುವುದಿಲ್ಲ, ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ.

ನೀನು ಓದಿದವಳು, ನಿನಗೆ ಹೆದರಿಕೆಯಿಲ್ಲ. ಒಪ್ಪಿದೆ. ನನಗಿದೆ, ಅದು ಬೇರೆ ಮಾತು. ಆದರೆ ಒಂದು ಯೋಚನೆ ಮಾಡು. ಅವಳು ನಿನ್ನ ಮಾತು ಕೇಳಿ ಅತ್ತಳು ಎಂದಿಟ್ಟುಕೋ. ಮುಂದಿನ ಮಳೆಗಾಲಕ್ಕೆ ನಿನಗೊಂದು ಮಾಮೂಲಿ ಜ್ವರ ಬಂತು. ನಮ್ಮ ದೇಶದಲ್ಲಿ ಜ್ವರ ಬಾರದವರು ಯಾರು? ಆ ಸುದ್ದಿ ಕೇಳಿದಾಗ ಅವಳು ಏನೆಂದುಕೊಳ್ಳುತ್ತಾಳೆ? ನೀನು ಮಾತ್ರೆ ನುಂಗಿ ಎದ್ದು ಕೂರುತ್ತೀಯ. ಅವಳು ಏಳುವುದಿಲ್ಲ. ನಂಬಿಕೆ ಸುಳ್ಳೋ ನಿಜವೋ, ಅದನ್ನು ಹೊತ್ತಿರುವವಳು ಅವಳು. ನಿನ್ನ ಧೈರ್ಯವನ್ನು ಅವಳ ತಲೆಗೆ ಕಟ್ಟಬೇಡ.

ಈಗ ಅವಳು ಯಾವ ಮಣ್ಣಿಗೂ ಹೋಗುತ್ತಿಲ್ಲ. ಸಾಲೊಂಗೊ ಬೇಡವೆಂದಿದ್ದಾನೆ. ಊರವರಿಗೆ ತೃಪ್ತಿಯಾಗಿದೆ, "ಕೊಳಾಯಿ ಕೆಟ್ಟಿದೆ" ಎಂದು ನಗುತ್ತಾರೆ. ನನಗೆ ಮಾತ್ರ ಅವಳನ್ನು ನೋಡಲಾಗುವುದಿಲ್ಲ. ಮೊನ್ನೆ ಕಡಲೆಕಾಯಿ ಕುಟ್ಟುವ ಸದ್ದು ಕೇಳಿ ಸಾರಿಗೆ ಒಂದು ಹಿಡಿ ಕೇಳೋಣವೆಂದು ಹೋದೆ. ಒರಳಿನಲ್ಲಿ ಏನೂ ಇರಲಿಲ್ಲ. ಬರೀ ಒನಕೆ ಎತ್ತಿ ಹಾಕುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರಷ್ಟೇ. ಅತ್ತ ಡೋಲು ಕೇಳಿಸಿದರೆ ಬೇಲಿಯವರೆಗೆ ಹೋಗುತ್ತಾಳೆ, ತಿರುಗಿ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಊಟಕ್ಕೆ ಕರೆದರೆ ಆಗಲೇ ಆಯಿತು ಎನ್ನುತ್ತಾಳೆ. ಆಗಿರುವುದಿಲ್ಲ.

ಕಾಫಿ ಕೆಂಪಾಗಿದೆ. ಕೊಯ್ಲಿಗೆ ಜನ ಬಂದಿದ್ದಾರೆ.

ಅತ್ತೆ


ಕಂಪಾಲಾ ಬಸ್ ನಿಲ್ದಾಣ
20 ಜೂನ್ 1992

ಅತ್ತೆಗೆ ಮಂಡಿಯೂರಿ ನಮಸ್ಕಾರ.

ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ನಾನು ನಮ್ಮ ಕಡೆಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಬಂದಿದ್ದರೆ ಅಮ್ಮನ ಮುಖ ನೋಡಿ ನನ್ನ ಬಾಯಿಂದ ಆ ಚೀಟಿಯ ಮಾತೇ ಹೊರಬೀಳುತ್ತಿತ್ತು. ನಮ್ಮೂರಿಗಿಂತ ಮುಂಚೆ ಸಿಗುವ ಕಲಿಸಿಜೊದಲ್ಲೇ ಇಳಿದು ನೇರ ನಾಮ್ವಾಂಜೆಯ ಮನೆಗೆ ಹೋದೆ.

ಹಿತ್ತಲಲ್ಲಿ ಮಟೋಕೆ ಹೆರೆಯುತ್ತಿದ್ದಳು. ನಾನು ಮಂಡಿಯೂರಿದೆ. ಅವಳು ಮೊದಲು ನನ್ನ ಕಿವಿ ನೋಡಿದಳು.

"ನೀನೂ ಅವನ ಮಗಳಾ? ಇನ್ನೂ ಎಷ್ಟು ಜನ ಇದ್ದೀರಿ ಮಾರಾಯ್ತಿ, ಒಂದೇ ಸಲ ಬನ್ನಿ, ಒಂದೇ ಸಲ ಅಡಿಗೆ ಮಾಡ್ತೀನಿ."

"ಅಲ್ಲಮ್ಮ. ನಾನು ನಕಾತೊ," ಎಂದೆ.

ಹೆಸರು ಕೇಳಿ ತಲೆಯೆತ್ತಿದಳು. ನಮ್ಮಲ್ಲಿ ಆ ಹೆಸರು ಅವಳಿಯಲ್ಲಿ ಕಿರಿಯವಳಿಗೆ, ಬಬಿರ್ಯೆ ಎಂಬುದು ಹಿರಿಯವಳಿಗೆ ಮಾತ್ರ ಇಡುವುದಲ್ಲವೇ. "ಬಬಿರ್ಯೆ ಎಲ್ಲಿ?" ಎಂದು ಕೇಳಿದಳು, ಯಾರಾದರೂ ಕೇಳುವ ಹಾಗೆ.

"ಹಾರಿಹೋದಳು. ಹೋದ ವರ್ಷ. ನಮ್ಮಮ್ಮ ನಿಮ್ಮನೆಗೆ ಬಂದಿದ್ರು, ನಿಮ್ಮ ಯಜಮಾನರ ಮಣ್ಣಿಗೆ."

ಅವಳು ಚಾಕುವನ್ನು ಬುಟ್ಟಿಯೊಳಗೆ ಹಾಕಿದಳು. ನಾನು ಅಳುವಿನ ಮಾತನ್ನು ಆಡಲಿಲ್ಲ, ಅವಳೂ ಆಡಲಿಲ್ಲ. "ಅವಳು ಮನೇಲಿ..." ಎಂದು ನಿಲ್ಲಿಸಿದಳು. ಇಲ್ಲವೆಂದು ತಲೆಯಾಡಿಸಿದೆ.

"ನಂಗೆ ಹೊಟ್ಟೆಕಿಚ್ಚಾಯ್ತು ಕಣಮ್ಮ," ಎಂದಳು ಕೊನೆಗೆ. "ಕಟ್ಟಿಕೊಂಡ ಹೆಂಡ್ತಿ ನಾನು. ಅವನು ಮಾಡಿದ್ದೆಲ್ಲ ನೆನೆಸ್ಕೊಂಡು ನನಗೆ ಅಳುನೇ ಸರಿಯಾಗಿ ಬರ್ತಿರಲಿಲ್ಲ. ಈರುಳ್ಳಿ ಕಣ್ಣೀರು ಅಂತ ಜನ ಅಂದ್ಕೊಂಡ್ರೆ ಅಂತ ಹೆದರ್ಕೊಂಡು ಕೂತಿದ್ದೆ. ಅಷ್ಟರಲ್ಲಿ ನಿಮ್ಮಮ್ಮ ಬಂದು ಹಾಗೆ ಅತ್ತಳು. ಈ ಮನುಷ್ಯನಿಗೆ ಯಾರಾದ್ರೂ ಹೀಗೆ ಅಳೋದಾದ್ರೆ ಅದು ನಾನಾಗಿರಬೇಕಿತ್ತು ಅನ್ನಿಸ್ತು. ಅದಕ್ಕೇ ಬಾಯಿಗೆ ಬಂದದ್ದು ಅಂದೆ."

ನಾನು ಏನನ್ನೂ ಬೇಡಲಿಲ್ಲ ಅತ್ತೆ. ಬೇಡಲು ಏನಿತ್ತೆಂದು ನನಗೇ ಗೊತ್ತಿರಲಿಲ್ಲ. ಅವಳು ಊಟ ಹಾಕಿದಳು. ನನ್ನ ಪಾಲಿನ ಮೀನನ್ನು ಎರಡು ಸಲ ಬಡಿಸಿದಳು. ಹೊರಡುವಾಗ ರಸ್ತೆಯವರೆಗೂ ಬಂದು, "ನೀನು ಹೋಗು, ನಾನು ನೋಡ್ತೀನಿ," ಎಂದಳು. ಏನು ನೋಡುತ್ತಾಳೋ ತಿಳಿಯದು. ಬಸ್ಸು ತುಂಬುತ್ತಿದೆ.

ನಕಾತೊ


ಕ್ಯೋಟೆರಾ
19 ಜುಲೈ 1992

ಮಗಳೇ,

ಕಲಿಸಿಜೊದವರೆಗೆ ಬಂದು ನನ್ನ ಒಂದು ಕಬಲಗಾಲ ತಿನ್ನದೆ ಹೋದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ಮುಂದಿನ ಸಲ ಬಂದಾಗ ಕಿವಿ ಹಿಂಡುತ್ತೇನೆ. ಈಗ ಕೇಳು.

ಈ ತಿಂಗಳ ಮೊದಲಿಗೇ ಕಾಫಿ ಮಾರಿ ಆಗಿತ್ತು. ಅಮ್ಮನ ಅಣ್ಣಂದಿರಿಗೆ ಹೇಳಿಕಳಿಸಿ ಆಗಿತ್ತು, ಶನಿವಾರ ಬರುವವರಿದ್ದರು. ಗುರುವಾರ ಬೆಳಿಗ್ಗೆ ನಿನ್ನ ಅಪ್ಪ ಮಾವಿನ ಮರದ ಕೆಳಗೆ ಓಮ್ವೆಸೊ ಆಡುತ್ತಿದ್ದ, ಸುತ್ತ ಅದೇ ನಗುವ ಗಂಡಸರು. ನಾಮ್ವಾಂಜೆ ಬಂದಳು. ಇನ್ನೂ ಸೂತಕದ ಬಟ್ಟೆಯಲ್ಲೇ ಇದ್ದಳು. ಅಷ್ಟು ಜನರ ಮುಂದೆ ಸಾಲೊಂಗೊನ ಎದುರು ಮಂಡಿಯೂರಿದಳು.

"ಸಾಲೊಂಗೊ, ನಮ್ಮತ್ತೆ ಹೋದ್ರು. ಕಲಾಂಜಿಯ ತಾಯಿ."

ಗಂಡಸರೆಲ್ಲ ಆಟ ನಿಲ್ಲಿಸಿ ಸಂತಾಪ ಹೇಳಿದರು.

"ತುಂಬಾ ವಯಸ್ಸಾಗಿತ್ತು," ಎಂದಳು. "ಒಳ್ಳೆ ಸಾವು. ಅದಕ್ಕೇ ತೊಂದರೆಯಾಗಿದೆ. ಯಾರಿಗೂ ಅಳು ಬರ್ತಿಲ್ಲ. ಮೊಮ್ಮಕ್ಕಳು ಹೆಣದ ಪಕ್ಕ ಕೂತು ನಗಾಡ್ತಿದ್ದಾರೆ. ನಾಳೆ ಜನ ಬರ್ತಾರೆ, ಮನೆ ಮರ್ಯಾದೆ ಪ್ರಶ್ನೆ. ನಿಮ್ಮ ನಾಲೊಂಗೊನ ಕಳಿಸಿಕೊಡಿ."

ನಿನ್ನ ಅಪ್ಪನ ಮುಖ ಕಪ್ಪಾಯಿತು. "ನಿಮ್ಮನೇಲಿ ಆಗಿದ್ದು ಸಾಲದಾ?" ಎಂದ.

"ಆಗಿದ್ದು ನನ್ನ ತಪ್ಪು. ನನ್ನ ಗಂಡನ ಹೆಂಗಸರನ್ನೆಲ್ಲ ನಾನು ಬಲ್ಲೆ. ಒಬ್ಬೊಬ್ಬಳ ಬಾಗಿಲಿಗೂ ಹೋಗಿ ಜಗಳ ಆಡಿದ್ದೀನಿ. ಈ ಬಾಗಿಲಿಗೆ ಯಾವತ್ತೂ ಬಂದಿಲ್ಲ. ಇಲ್ಲಿ ಕೂತಿರೋ ಕೆಲವರ ಬಾಗಿಲಿಗೆ ಬಂದಿದ್ದೀನಿ, ಬೇಕಾದ್ರೆ ಹೇಳ್ತೀನಿ."

ನಗುತ್ತಿದ್ದವರಲ್ಲಿ ಇಬ್ಬರು ಎದ್ದು ಆಡು ಕಟ್ಟಲು ಹೋದರು.

ಬೇಲಿಯ ಬಳಿ ನಿನ್ನ ಅಮ್ಮ ನಿಂತಿದ್ದಳು. ನಾಮ್ವಾಂಜೆ ಅವಳ ಕಡೆ ತಿರುಗಿ, "ಯಾರಿಗೆ ಅಂತ ನಮ್ಮನೇಲಿ ಯಾರೂ ಕೇಳಲ್ಲ. ಬಾ," ಎಂದಳು. ಅಷ್ಟೇ ಹೇಳಿದ್ದು. ಅಷ್ಟಕ್ಕೇ ಸಾಲೊಂಗೊನ ಕೈಯಲ್ಲಿದ್ದ ಕಾಯಿ ಜಾರಿ ಮಣೆಯ ಮೇಲೆ ಬಿತ್ತು. ಇಷ್ಟು ದಿನ ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಗೊತ್ತು ಮಾಡಿಕೊಳ್ಳಬಾರದೆಂದಿದ್ದನೋ, ಅಕ್ಕನಾಗಿ ನನಗೂ ಹೇಳಲು ಬರುವುದಿಲ್ಲ. ಅವನೂ ಅವಳಿಗಳ ಅಪ್ಪನೇ. ಅವನ ಕಣ್ಣೀರಿಗೂ ಅದೇ ಕಟ್ಟು.

ಶುಕ್ರವಾರ ಇಬ್ಬರೂ ಹೋದರು, ಅವನು ಮುಂದೆ, ಅವಳು ಹಿಂದೆ, ಅವಳ ಹಿಂದೆ ನಾನು. ನಾಮ್ವಾಂಜೆ ಅವಳನ್ನು ಹೆಣದ ತಲೆಯ ಬಳಿ ಕೂರಿಸಿದಳು. ಅದು ಸತ್ತವಳ ಹೆಣ್ಣುಮಕ್ಕಳು ಕೂರುವ ಜಾಗ. ತಾನು ಅವಳಿಗೆ ಅಡ್ಡವಾಗಿ, ಬಾಗಿಲಿಗೆ ಬೆನ್ನು ಹಾಕಿ ಕೂತಳು. ಆಮೇಲೆ ಏನಾಯಿತೆಂದು ಬರೆಯುವುದಿಲ್ಲ. ಅಂಗಳದಲ್ಲಿದ್ದ ನಮಗೆ ಕೇಳಿಸುತ್ತಿತ್ತು. ನಗಾಡುತ್ತಿದ್ದ ಮೊಮ್ಮಕ್ಕಳೂ ಅಳತೊಡಗಿದರು, ಅಜ್ಜಿ ಅಷ್ಟು ಒಳ್ಳೆಯವಳೆಂದು ಆಗಲೇ ಅವರಿಗೆ ಗೊತ್ತಾದದ್ದು.

ನಿನ್ನ ಅಪ್ಪ ಗುಂಡಿ ತೋಡುವವರ ಜೊತೆ ಸೇರಿದ. ಆಳಕ್ಕೆ ಇಳಿದವನು ಮೇಲೆ ಬರಲೇ ಇಲ್ಲ. ಬದಲಿಗೆ ಇಳಿಯಲು ಬಂದವನನ್ನು, "ಇರು, ಮಣ್ಣು ಗಟ್ಟಿ ಇದೆ," ಎಂದು ವಾಪಸು ಕಳಿಸಿದ. ಅಲ್ಲಿ ಮಣ್ಣು ಮೆತ್ತಗೆ, ಬಾಳೆಯ ತೋಟದ ಮಣ್ಣು. ಗಂಡಸರು ಸ್ವಲ್ಪ ದೂರ ಹೋಗಿ ಸಿಗರೇಟು ಹಚ್ಚಿಕೊಂಡು ಕಾದರು. ಮೇಲೆ ಬಂದಾಗ ಅವನ ಮುಖವೆಲ್ಲ ಮಣ್ಣಾಗಿತ್ತು. ನಾನೇ ನೀರು ಕೊಟ್ಟೆ.

ಶನಿವಾರ ನಿನ್ನ ಸೋದರಮಾವಂದಿರು ಬಂದರು. ಸಾಲೊಂಗೊ ಕೋಳಿ ಕೊಯ್ಯಿಸಿದ. ಯಾಕೆ ಕರೆಸಿದಿರಿ ಎಂದು ಕೇಳಿದರೆ, ನೋಡಿ ತುಂಬಾ ದಿನವಾಗಿತ್ತು ಎಂದ. ಅವನ ಚಾಪೆ ಒಳಗೆ ಬಂದಿದೆ. ನಿನ್ನ ಅಮ್ಮ ನಿನ್ನೆ ನನ್ನ ಹತ್ತಿರ ಬಂದು ಕಬಲಗಾಲಕ್ಕೆ ಉಪ್ಪು ಹೆಚ್ಚು ಹಾಕಿದ್ದೀಯ ಎಂದು ಜಗಳ ತೆಗೆದಳು. ಎಷ್ಟು ದಿನವಾಗಿತ್ತೋ ಅವಳು ನನ್ನೊಡನೆ ಜಗಳವಾಡಿ. ಸಂತೋಷಕ್ಕೆ ನಾನೂ ಬಿಡದೆ ಜಗಳವಾಡಿದೆ.

ಈಗಲೂ ಮಣ್ಣಿಗೆ ಹೋಗುತ್ತಾಳೆ. ಅತ್ತು, ಮೂಗು ಸೀಟಿ, ಹಿತ್ತಲಿಗೆ ಹೋಗಿ ಮಟೋಕೆ ಹೆರೆಯುತ್ತಾಳೆ.

ನೀನು ಹೇಗಿದ್ದೀಯ?

ಅತ್ತೆ ನಾಬುಕೇರ


ಫೋರ್ಟ್ ಪೋರ್ಟಲ್
6 ಸೆಪ್ಟೆಂಬರ್ 1992

ಪ್ರೀತಿಯ ಅತ್ತೆಗೆ,

ಉತ್ತರ ತಡವಾಯಿತು. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೆ. ಅಮ್ಮನ ಸುದ್ದಿ ಓದಿ ಹಗುರಾಯಿತು, ಆದರೆ ನನ್ನದು ಹಾಗೇ ಇತ್ತು. ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತು ನೋಡಿದೆ, ಏನೂ ಬರಲಿಲ್ಲ. ಅಣಕಿಸಿಕೊಂಡ ಹಾಗಾಯಿತು, ಅಷ್ಟೇ.

ಹೋದ ಬುಧವಾರ ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡಳು. ಬೆಟ್ಟದ ಕಡೆಯವಳು, ಭಾಷೆ ನಮಗ್ಯಾರಿಗೂ ಬಾರದು. ತಂದು ಮಲಗಿಸಿದವರು ಮತ್ತೆ ಬರಲಿಲ್ಲ. ಅವಳಿಗಾಗಿ ಅಳಲು ಡ್ರಿಪ್ಪೂ ಇಲ್ಲ, ರೇಡಿಯೊನೂ ಇಲ್ಲ, ಯಾರೂ ಇಲ್ಲ. ಮಧ್ಯಾಹ್ನ ಊಟದ ಗಾಡಿ ಬರುವ ಮುಂಚೆ ಸಾಗಿಸಿಬಿಡಿ ಎಂದರು. ನಾನು ಮೈ ತೊಳೆದೆ. ಕೂದಲು ಬಾಚಿದೆ. ಕೈ ಮಡಚಿ ಇಡಲು ಹೋದರೆ ಆ ಕೈ ಇನ್ನೂ ಬೆಚ್ಚಗಿತ್ತು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

ಗಾಬರಿಯಾಗಬೇಡಿ ಅತ್ತೆ. ನಾನು ಯಾರ ಹೆಸರನ್ನೂ ಎತ್ತಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನನ್ನ ಬಾಯಿಂದ ಅಂಥ ಸದ್ದು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಊಟದ ಗಾಡಿ ಬಂದು ನಿಂತಿತ್ತು, ಹುಡುಗಿಯರೆಲ್ಲ ಬಂದು ನಿಂತಿದ್ದರು, ಒಬ್ಬಳೂ ಯಾವ ಹೆಸರನ್ನೂ ಇಡಲಿಲ್ಲ. ವಾರ್ಡಿನ ಸಿಸ್ಟರ್ ಪಾಸ್ಕಲೀನ ಬಂದು ನನ್ನ ಭುಜ ಹಿಡಿದರು.

"ಏನಮ್ಮ, ಇವರು ನಿಮ್ಮವರಾ?"

ಹೌದು ಎಂದೆ.

"ಏನಾಗಬೇಕು?"

"ನಾವು ಜೊತೆಗೆ ಹುಟ್ಟಿದವರು," ಎಂದೆ.

ಸಿಸ್ಟರ್ ಆ ಅಜ್ಜಿಯ ಬೆಳ್ಳಗಿನ ತಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಪರದೆಯನ್ನು ಸುತ್ತಲೂ ಎಳೆದು, ಹೊರಗೆ ನಿಂತವರಿಗೆ ಹೇಳಿದರು, "ಯಾರೂ ಒಳಗೆ ಹೋಗ್ಬೇಡಿ. ಅವಳ ಅಕ್ಕ ತೀರಿಕೊಂಡಿದ್ದಾಳೆ."

ನಿಮ್ಮ ನಕಾತೊ